ಅರ್ಧಕ್ಕೆ ಬಿಟ್ಟ ಸಾಲು

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಒಂದಲ್ಲ ಒಂದು ಸಲ ಅಪ್ಪ ಅಮ್ಮನಿಗೋಸ್ಕರ ವೀಸಾ ಅರ್ಜಿ ತುಂಬಿರುತ್ತೀರಿ. ಹೆಸರು, ಹುಟ್ಟಿದ ಊರು, ಪಾಸ್‌ಪೋರ್ಟ್ ನಂಬರು, ಇದೆಲ್ಲ ಸರಾಗವಾಗಿ ಸಾಗುತ್ತೆ. ಆಮೇಲೆ ಉದ್ಯೋಗದ ಪ್ರಶ್ನೆ ಬರುತ್ತೆ. ನನ್ನ ಬಾಣಂತನಕ್ಕೆ ಅಮ್ಮನನ್ನು ಬ್ರಿಟನ್ನಿಗೆ ಕರೆಸಿಕೊಳ್ಳುವಾಗ ನಾನು ಅಲ್ಲೇ ನಿಂತೆ. ಫೋನ್ ಮಾಡಿ ಕೇಳಿದೆ.

"ಅಮ್ಮಾ, ನಿನ್ನ ಉದ್ಯೋಗ ಏನಂತ ಹಾಕ್ಲಿ?"

"ಏನಿಲ್ಲ ಅಂತ ಹಾಕು. ಮನೇಲಿದೀನಿ ಅಂತ."

ಮನೇಲಿದ್ದ ಅಮ್ಮ ಏನು ಮಾಡುತ್ತಿದ್ದಳು ಅಂತ ಹೇಳ್ತೀನಿ. ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅವಳು ಹೆಣೆದ ಉಲ್ಲನ್ ಸ್ವೆಟರು, ಕುಲಾವಿ, ಕಾಲುಚೀಲ ಹಾಕಿಕೊಂಡೇ ಮೊದಲ ಚಳಿಗಾಲ ಕಳೆದವರು. ಗೊತ್ತಿಲ್ಲದವರಿಗೆ: ಕುಲಾವಿ ಅಂದರೆ ಕಿವಿ ಮುಚ್ಚುವ ಹಾಗೆ ಮಗುವಿಗೆ ಹಾಕುವ ಟೋಪಿ. ಜೊತೆಗೆ ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹಾಕಿಕೊಡುತ್ತಿದ್ದಳು. ಬಂದ ದುಡ್ಡು ಸಾಸಿವೆ ಡಬ್ಬಿಗೆ ಹೋಗುತ್ತಿತ್ತು. ನಾನು ಎಂಎಸ್‌ಗೆ ಹಾಕಿದ ಅರ್ಜಿಗಳ ಶುಲ್ಕದಲ್ಲಿ ಒಂದಷ್ಟು ಬಂದದ್ದು ಆ ಡಬ್ಬಿಯಿಂದ. ಆದರೂ ಅವಳ ಪ್ರಕಾರ ಅವಳ ಉದ್ಯೋಗ "ಏನಿಲ್ಲ". ನಾನೂ ಹಾಗೇ ತುಂಬಿದೆ.

ನನ್ನ ಕೆಲಸ ಡೇಟಾ ಸೈನ್ಸು. ಯಾವ ಕಾಲಮ್ಮಿನಲ್ಲಿ ಏನು ಸೇರಿಸಬೇಕು, ಏನು ಬಿಡಬೇಕು ಅಂತ ನಿರ್ಧರಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಅಂಥವಳು ಈ ಕಾಲಮ್ಮನ್ನು ಖಾಲಿ ಬಿಟ್ಟದ್ದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟರೆ ಅದು ಸ್ಕಾಟ್ಲೆಂಡಿನ ದ್ವೀಪಗಳಿಗೆ, ಚಳ್ಳಕೆರೆಯ ಕಂಬಳಿಗೆ, ಆರು ಪೌಂಡಿನಲ್ಲಿ ಶುರುವಾದ ಒಂದು ಸಾಫ್ಟ್‌ವೇರ್ ಕಂಪನಿಗೆಲ್ಲ ಕರೆದುಕೊಂಡು ಹೋಯಿತು. ಬನ್ನಿ, ನೀವೂ ಜೊತೆಗೆ ಬನ್ನಿ.

ಎದ್ದು ಹೋಗಿ, ಬಂದು, ಮುಂದುವರಿಸುವುದು

ಅಮ್ಮ ಇಲ್ಲಿ ಆರು ತಿಂಗಳಿದ್ದಳು. ಮಗು ಮಲಗಿದರೆ ಸಾಕು, ಅವಳ ಕೈಗೆ ಕಡ್ಡಿ, ಉಲ್ಲನ್ ಉಂಡೆ ಬರುತ್ತಿತ್ತು. ಮಗು ಅತ್ತರೆ ಸಾಲಿನ ಮಧ್ಯದಲ್ಲೇ ಇಟ್ಟು ಎದ್ದುಬಿಡುವಳು. ಅರ್ಧ ಗಂಟೆಯೋ ಅರ್ಧ ದಿನವೋ ಬಿಟ್ಟು ಬಂದು ಅಲ್ಲಿಂದಲೇ ಶುರು. ಎಲ್ಲಿ ನಿಲ್ಲಿಸಿದ್ದೆ ಅಂತ ಅವಳು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಕಡ್ಡಿಯೇ ನೆನಪಿಟ್ಟುಕೊಂಡಿರುತ್ತಿತ್ತು. ಹೆಣೆದಾದ ಕುಣಿಕೆಗಳು ಒಂದು ಕಡ್ಡಿಯಲ್ಲಿ, ಹೆಣೆಯಬೇಕಾದವು ಇನ್ನೊಂದರಲ್ಲಿ. ಅದೇ ಸಮಯದಲ್ಲಿ ನಾನು ರಜೆಯ ನಡುವೆ ಲ್ಯಾಪ್‌ಟಾಪ್ ತೆರೆದು ಹಳೇ ಕೋಡ್ ನೋಡುತ್ತಿದ್ದೆ. ಮಗು ಅತ್ತು ನಾನು ಎದ್ದು ಬಂದರೆ ಮುಗಿಯಿತು. ಏನು ಯೋಚಿಸುತ್ತಿದ್ದೆ ಅಂತ ಮತ್ತೆ ಹಿಡಿಯಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಮತ್ತೊಂದು ಅಳು.

ಈ ವ್ಯತ್ಯಾಸವನ್ನು 1970ರಲ್ಲೇ ಜೂಡಿತ್ ಬ್ರೌನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಒಂದು ಪುಟ್ಟ ಲೇಖನದಲ್ಲಿ ವಿವರಿಸಿದ್ದರು. ಯಾವ ಸಮಾಜದಲ್ಲಿ ಯಾವ ಕೆಲಸ ಹೆಂಗಸರ ಪಾಲಿಗೆ ಬರುತ್ತೆ ಅನ್ನುವುದು ತೋಳಿನ ಬಲದ ಪ್ರಶ್ನೆಯಲ್ಲ, ಮಕ್ಕಳನ್ನು ನೋಡಿಕೊಂಡೇ ಆ ಕೆಲಸ ಮಾಡಲು ಆಗುತ್ತಾ ಅನ್ನುವ ಪ್ರಶ್ನೆ ಎಂಬುದು ಅವರ ವಾದ. ಕೆಲಸ ಮನೆಯ ಹತ್ತಿರವೇ ಇರಬೇಕು. ಪಕ್ಕದಲ್ಲಿ ಆಡುವ ಮಗುವಿಗೆ ಅಪಾಯವಾಗಬಾರದು. ನಡುವೆ ಬಿಟ್ಟು ಎದ್ದರೂ ಕೆಡಬಾರದು, ಮತ್ತೆ ಶುರು ಮಾಡುವುದು ಸುಲಭವಾಗಿರಬೇಕು. ಎಲಿಜಬೆತ್ ವೇಲ್ಯಾಂಡ್ ಬಾರ್ಬರ್ ಎಂಬ ಇತಿಹಾಸಕಾರ್ತಿ 1994ರ ತಮ್ಮ ಪುಸ್ತಕದಲ್ಲಿ ಇದೇ ಎಳೆ ಹಿಡಿದು, ನೂಲು ಬಟ್ಟೆಗಳ ಕೆಲಸ ಸಾವಿರಾರು ವರ್ಷ ಹೆಂಗಸರ ಕೈಯಲ್ಲಿ ಯಾಕಿತ್ತು ಎಂದು ವಿವರಿಸಿದರು.

ನಮ್ಮಲ್ಲೇ ನೋಡಿ. ಚಳ್ಳಕೆರೆಯ ಸುತ್ತಮುತ್ತ ಕುರುಬರ ಮನೆಗಳಲ್ಲಿ ತಯಾರಾಗುವ ಕಂಬಳಿಗೆ ಎರಡು ಹಂತ. ಕುರಿಯ ಉಣ್ಣೆಯನ್ನು ರಾಟೆಯಲ್ಲಿ ನೂಲು ಮಾಡುವವರು ಹೆಂಗಸರು. ಮಗ್ಗಕ್ಕೆ ಕೂತು ನೇಯುವವರು ಸಾಮಾನ್ಯವಾಗಿ ಗಂಡಸರು. ರಾಟೆಯನ್ನು ಯಾವ ಗಳಿಗೆಯಲ್ಲಾದರೂ ನಿಲ್ಲಿಸಬಹುದು. ಒಲೆಯ ಮೇಲಿನ ಅನ್ನ ನೋಡಿಕೊಂಡು ಬಂದು ಮತ್ತೆ ತಿರುಗಿಸಬಹುದು. ಒಂದು ಕಂಬಳಿಗೆ ಬೇಕಾದ ನೂಲಿಗೆ ದಿನಗಟ್ಟಲೆ ಕೂರಬೇಕು. ಆದರೆ ಅದು ಒಟ್ಟಿಗೆ ಸಿಕ್ಕುವ ದಿನಗಳಲ್ಲ, ಚೂರುಚೂರಾಗಿ ಸಿಕ್ಕುವ ಹೊತ್ತು. ಕೊನೆಗೆ ಕಂಬಳಿ ನೇಯ್ದವರು ಯಾರು ಎಂದು ಕೇಳಿದರೆ ಮಗ್ಗದ ಹೆಸರು ಬರುತ್ತೆ, ರಾಟೆಯ ಹೆಸರು ಬರುವುದು ಕಡಿಮೆ.

ಕನ್ನಡ ಕಲಿಯುತ್ತಿರುವವರಿಗೆ ಇಲ್ಲೊಂದು ಮಾತು. ನೇಯುವುದು ಬೇರೆ, ಹೆಣೆಯುವುದು ಬೇರೆ. ನೇಯುವುದಕ್ಕೆ ಮಗ್ಗ ಬೇಕು, ಹಾಸು ಬೇಕು, ಹೊಕ್ಕು ಬೇಕು. ಹೆಣೆಯುವುದಕ್ಕೆ ಕೈ ಸಾಕು. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಕಥೆಯನ್ನೂ ಹೆಣೆಯುತ್ತೇವೆ. ಸ್ವೆಟರು ಈ ಗುಂಪಿಗೆ ಸೇರಿದ್ದು. ಒಂದೇ ದಾರ, ಎರಡು ಕಡ್ಡಿ, ಕುಣಿಕೆಯೊಳಗಿಂದ ಕುಣಿಕೆ. ಎಲ್ಲಿ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಹೊತ್ತುಕೊಂಡೇ ಹೋದವರ ಕಥೆ ಈಗ.

ಬೆನ್ನಿಗೆ ಬುಟ್ಟಿ, ಕೈಗೆ ಕಡ್ಡಿ

ಸ್ಕಾಟ್ಲೆಂಡಿನ ಉತ್ತರ ತುದಿಯಿಂದ ಇನ್ನೂ ಉತ್ತರಕ್ಕೆ, ಸಮುದ್ರದ ಮಧ್ಯೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಮರ ಕಡಿಮೆ, ಗಾಳಿ ಜಾಸ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಗಂಡಸರು ಮೀನು ಹಿಡಿಯಲು, ಹಡಗಿನಲ್ಲಿ ದುಡಿಯಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹೊಲ, ಹಸು, ಮಕ್ಕಳು, ಮುದುಕರು ಎಲ್ಲ ಹೆಂಗಸರ ಮೇಲೆ. ಒಲೆಗೆ ಸೌದೆ ಇಲ್ಲದ ಊರು. ಜವುಗು ನೆಲದಿಂದ ಕತ್ತರಿಸಿ ಒಣಗಿಸಿದ ಪೀಟ್ ಎಂಬ ಮಣ್ಣಿನ ಹೆಂಟೆಯೇ ಉರುವಲು. ಅದನ್ನು ಬುಟ್ಟಿಯಲ್ಲಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ಮನೆಗೆ ತರಬೇಕು.

ಆ ಕಾಲದ ಫೋಟೋಗಳನ್ನು ನೀವು ನೋಡಬೇಕು. ಬೆನ್ನ ಮೇಲೆ ಪೀಟ್ ಬುಟ್ಟಿ ಹೊತ್ತು ನಡೆಯುತ್ತಿರುವ ಹೆಂಗಸರ ಎರಡೂ ಕೈಯಲ್ಲಿ ಕಡ್ಡಿ. ನಡೆಯುತ್ತಾ ಹೆಣೆಯುತ್ತಿದ್ದಾರೆ. ಅದಕ್ಕೆಂದೇ ಸೊಂಟಕ್ಕೆ ಒಂದು ಚರ್ಮದ ಪಟ್ಟಿ. ಕುದುರೆ ಕೂದಲು ತುಂಬಿದ ಸಣ್ಣ ದಿಂಬು, ಅದರ ತುಂಬ ತೂತು. ಒಂದು ಕಡ್ಡಿಯ ತುದಿಯನ್ನು ಆ ತೂತಿಗೆ ಸಿಕ್ಕಿಸಿದರೆ ಕಡ್ಡಿ ತಾನಾಗೇ ನಿಲ್ಲುತ್ತೆ, ಕೈಗೆ ಭಾರ ಕಡಿಮೆ, ವೇಗ ಜಾಸ್ತಿ. ಇವತ್ತು "ಮಲ್ಟಿಟಾಸ್ಕಿಂಗ್" ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದಕ್ಕೆ ಅವರ ಹತ್ತಿರ ಉಪಕರಣವೇ ಇತ್ತು.

ಅವರು ಹೆಣೆದದ್ದು ಒರಟು ಕಾಲುಚೀಲ ಮಾತ್ರ ಅಂದುಕೊಳ್ಳಬೇಡಿ. ಉತ್ತರದ ಅನ್‌ಸ್ಟ್ ದ್ವೀಪದ ಲೇಸ್ ಶಾಲುಗಳು ಎಷ್ಟು ನವಿರು ಎಂದರೆ ಇಡೀ ಶಾಲು ಮದುವೆಯ ಉಂಗುರದೊಳಗಿಂದ ತೂರಿ ಬರುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅವು ಶ್ರೀಮಂತರ ಮನೆ ಸೇರಿದವು. ಫೇರ್ ಐಲ್ ಎಂಬ ಪುಟ್ಟ ದ್ವೀಪದ ಬಣ್ಣಬಣ್ಣದ ವಿನ್ಯಾಸದ ಸ್ವೆಟರನ್ನು 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ ಗಾಲ್ಫ್ ಆಡುವಾಗ ಹಾಕಿಕೊಂಡ ಮೇಲೆ ಅದು ಫ್ಯಾಷನ್ ಆಯಿತು. ಸರಕಿಗೆ ಮರ್ಯಾದೆ ಇತ್ತು. ಹೆಣೆದವಳಿಗೆ?

ಕೂಲಿಗೆ ಚಹಾಪುಡಿ

1872ರಲ್ಲಿ ಬ್ರಿಟಿಷ್ ಸರ್ಕಾರ ವಿಲಿಯಂ ಗುತ್ರಿ ಎಂಬ ವಕೀಲರನ್ನು ಶೆಟ್ಲೆಂಡಿಗೆ ವಿಚಾರಣೆಗೆ ಕಳಿಸಿತು. ಅಲ್ಲಿ ಕೂಲಿಯನ್ನು ಹಣದ ಬದಲು ಸಾಮಾನಿನಲ್ಲಿ ಕೊಡುವ ಪದ್ಧತಿ ಬೇರೂರಿತ್ತು. ಅದಕ್ಕೆ "ಟ್ರಕ್" ಅಂತ ಹೆಸರು. ನಮ್ಮ ಲಾರಿಗೂ ಅದಕ್ಕೂ ಸಂಬಂಧವಿಲ್ಲ, ಅದು ವಿನಿಮಯ ಎಂಬ ಅರ್ಥದ ಹಳೇ ಪದ. ವಿಚಾರಣೆಯಲ್ಲಿ ಹೆಣೆಯುವ ಹೆಂಗಸರೂ ಎದುರು ನಿಂತು ಹೇಳಿಕೆ ಕೊಟ್ಟರು. ಅವರ ಪ್ರಶ್ನೋತ್ತರಗಳು ಪುಟಗಟ್ಟಲೆ ಅಚ್ಚಾಗಿವೆ.

ವ್ಯವಹಾರ ನಡೆಯುತ್ತಿದ್ದದ್ದು ಹೀಗೆ. ಹೆಂಗಸು ಶಾಲನ್ನು ಅಂಗಡಿಗೆ ಒಯ್ಯುತ್ತಾಳೆ. ವ್ಯಾಪಾರಿ ಬೆಲೆ ಕಟ್ಟುತ್ತಾನೆ. ಕೊಡುವುದು ಮಾತ್ರ ಚಹಾಪುಡಿ, ಬಟ್ಟೆ, ಇನ್ನೇನೋ ಅಂಗಡಿ ಸಾಮಾನು. ಈಗ ಬೇಡವೆಂದರೆ ಮುಂದೆ ಅದೇ ಅಂಗಡಿಯಲ್ಲಿ ಸಾಮಾನು ತಗೊಳ್ಳುವುದಕ್ಕೆ ಒಂದು ಚೀಟಿ. ನಗದು ಕೇಳಿದರೆ ಸಿಗುವುದು ಕಷ್ಟ. ಆದರೆ ಚಹಾಪುಡಿಯಿಂದ ಹೊಟ್ಟೆ ತುಂಬುತ್ತಾ? ಮನೆ ಬಾಡಿಗೆ ಕಟ್ಟಲು ಆಗುತ್ತಾ? ಹಾಗಾಗಿ ಕೂಲಿಯಾಗಿ ಬಂದ ಚಹಾವನ್ನೇ ಹೊತ್ತುಕೊಂಡು ಹೋಗಿ, ಅಕ್ಕಪಕ್ಕದವರಿಗೆ ಕೊಟ್ಟು, ಬದಲಿಗೆ ಹಿಟ್ಟು ಆಲೂಗಡ್ಡೆ ತಂದು ಒಲೆ ಹಚ್ಚಿದವರಿದ್ದರು.

ಇದನ್ನು ಓದುವಾಗ ನನಗೆ ಸಿಟ್ಟು ಬಂದದ್ದು ವ್ಯಾಪಾರಿಯ ಮೇಲೆ ಮಾತ್ರ ಅಲ್ಲ. ಆ ವ್ಯವಸ್ಥೆಯ ಹಿಂದೆ ಒಂದು ನಂಬಿಕೆ ಕೂತಿತ್ತು: ಇದು ಬಿಡುವಿನ ಹೊತ್ತಿನಲ್ಲಿ ಮಾಡಿದ್ದು, ನಡೆದಾಡುತ್ತಾ ಮಾಡಿದ್ದು, ಇದಕ್ಕೆ "ನಿಜವಾದ" ಕೂಲಿ ಯಾಕೆ? ಮೀನು ಹಿಡಿಯುವ ಗಂಡಸರೂ ಅದೇ ಅಂಗಡಿಗಳ ಸಾಲದ ಪುಸ್ತಕದಲ್ಲಿ ಸಿಕ್ಕಿಕೊಂಡಿದ್ದರು, ಅದು ನಿಜ. ಆದರೆ ಹೆಣಿಗೆಯ ಹೊತ್ತನ್ನು ಲೆಕ್ಕ ಹಾಕುವ ಗೋಜಿಗೇ ಯಾರೂ ಹೋಗಲಿಲ್ಲ. 1887ರ ಕಾಯ್ದೆ ಮನೆಯಲ್ಲಿ ಹೆಣೆದ ಸರಕನ್ನೂ ತನ್ನ ವ್ಯಾಪ್ತಿಗೆ ತಂದಿತು. ಹಾಗಿದ್ದೂ ಸಾಮಾನಿನ ಕೂಲಿ ಇಪ್ಪತ್ತನೇ ಶತಮಾನದೊಳಗೂ ಎಳೆದುಕೊಂಡು ಬಂತು.

ಯಂತ್ರ ಬಂದಾಗ ಯಾರು ಕೂತರು?

ಹೆಣಿಗೆ ಹುಟ್ಟಿನಿಂದಲೇ ಹೆಂಗಸರ ಕೆಲಸವೇ? ಖಂಡಿತ ಅಲ್ಲ. ಮಧ್ಯಯುಗದ ಕೊನೆಯಿಂದ ಯೂರೋಪಿನ ಹಲವು ಪಟ್ಟಣಗಳಲ್ಲಿ ಹೆಣೆಯುವವರ ವೃತ್ತಿಸಂಘಗಳಿದ್ದವು, ಅವುಗಳ ಯಜಮಾನರು ಗಂಡಸರು. ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ, ಪರೀಕ್ಷೆಗೆಂದು ಒಂದು ಅಪೂರ್ವ ವಸ್ತು ಹೆಣೆದು ತೋರಿಸಿದ ಮೇಲೇ "ಮಾಸ್ಟರ್" ಪದವಿ. ಇಂಗ್ಲೆಂಡಿನ ಉತ್ತರದ ಡೆಂಟ್ ಎಂಬ ಹಳ್ಳಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಚಳಿಗಾಲದ ರಾತ್ರಿ ಒಂದೇ ಬೆಂಕಿಯ ಸುತ್ತ ಕೂತು ಹೆಣೆಯುತ್ತಿದ್ದರು. ಕೆಲಸ ಒಂದೇ. ಅದು ಸಂಘದ ಕೋಣೆಯಲ್ಲಿ ನಡೆದರೆ ಕಸುಬು, ಒಲೆಯ ಪಕ್ಕ ನಡೆದರೆ ಪುರುಸೊತ್ತಿನ ಕೆಲಸ.

1589ರಲ್ಲಿ ಇಂಗ್ಲೆಂಡಿನ ಕ್ಯಾಲ್ವರ್ಟನ್‌ನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಅವನು ಪ್ರೀತಿಸಿದ ಹುಡುಗಿ ಅವನ ಕಡೆ ನೋಡದೆ ಸದಾ ಹೆಣೆಯುತ್ತಲೇ ಇರುತ್ತಿದ್ದಳು, ಆ ಹೊಟ್ಟೆಕಿಚ್ಚಿಗೆ ಯಂತ್ರ ಮಾಡಿದ ಅಂತ ಒಂದು ದಂತಕಥೆ. ಬಡ ಹೆಣಿಗೆಗಾರರ ಅನ್ನ ಹೋಗುತ್ತೆ ಅಂತ ಎಲಿಜಬೆತ್ ರಾಣಿ ಪೇಟೆಂಟ್ ಕೊಡಲಿಲ್ಲ ಅಂತ ಇನ್ನೊಂದು. ಕಥೆಗಳು ಏನೇ ಇರಲಿ, ಯಂತ್ರ ಹರಡಿದ ಮೇಲೆ ಮನೆಮನೆಗಳಲ್ಲಿ ಕೆಲಸ ಹಂಚಿಕೆಯಾದ ರೀತಿ ಕಣ್ಣಿಗೆ ಕಾಣುತ್ತೆ. ಭಾರದ ಚೌಕಟ್ಟಿನ ಮುಂದೆ ಹೆಚ್ಚಾಗಿ ಗಂಡಸು ಕೂರುತ್ತಿದ್ದ, ಬಿಡುವಿಲ್ಲದೆ ಗಂಟೆಗಟ್ಟಲೆ. ಹೆಂಡತಿ ಮಕ್ಕಳು ದಾರ ಸುತ್ತಿಕೊಡುವುದು, ಅಂಚು ಹೊಲಿಯುವುದು. ಅಂದರೆ ಬಿಟ್ಟೆದ್ದು ಬರಬಹುದಾದ ಭಾಗ ಮತ್ತೆ ಅವಳ ಪಾಲಿಗೆ. ಚಳ್ಳಕೆರೆಯ ರಾಟೆ ಮಗ್ಗಗಳ ಕಥೆಯೇ ಇದು, ಹವೆ ಬೇರೆ ಅಷ್ಟೆ.

ಶೇಕಡಾ ಲೆಕ್ಕದ ಹೆಂಗಸು

"ಹೆಣೆಯುವುದಕ್ಕೆ ತಲೆ ಬೇಕಾಗಿಲ್ಲ, ಕೈ ತಾನಾಗೇ ಓಡುತ್ತೆ" ಅನ್ನುವವರಿದ್ದಾರೆ. ಅವರಿಗೋಸ್ಕರ ಎಲಿಜಬೆತ್ ಝಿಮ್ಮರ್‌ಮನ್ ಅವರನ್ನು ಪರಿಚಯಿಸಬೇಕು. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಜರ್ಮನ್ ಗಂಡನ ಜೊತೆ ಅಮೆರಿಕಕ್ಕೆ ವಲಸೆ ಹೋಗಿ, ವಿಸ್ಕಾನ್ಸಿನ್‌ನಲ್ಲಿ ಮೂರು ಮಕ್ಕಳನ್ನು ಬೆಳೆಸಿದವರು. ಅಂದರೆ ನಮ್ಮ ಹಾಗೇ ಊರು ಬಿಟ್ಟು ಬಂದವರು. ಪತ್ರಿಕೆಯವರು ತಮ್ಮ ಸೂಚನೆಗಳನ್ನು ತಿದ್ದಿ ಕೆಡಿಸಿದ್ದು ಹಿಡಿಸದೆ ತಾವೇ ಒಂದು ಪುಟ್ಟ ಸುದ್ದಿಪತ್ರ ಶುರು ಮಾಡಿ, ಅಂಚೆಯಲ್ಲಿ ಉಲ್ಲನ್ ಮಾರಿ, 1960ರ ದಶಕದಲ್ಲಿ ವಿಸ್ಕಾನ್ಸಿನ್ ಟೀವಿಯಲ್ಲಿ ಪಾಠ ಮಾಡಿದರು. ಆ ಕಾರ್ಯಕ್ರಮದ ಹೆಸರೇ "ದ ಬಿಸಿ ನಿಟರ್". ಬಿಡುವಿಲ್ಲದ ಹೆಣಿಗೆಗಾರ್ತಿ! 1971ರಲ್ಲಿ ಬಂದ ಅವರ "ನಿಟ್ಟಿಂಗ್ ವಿದೌಟ್ ಟಿಯರ್ಸ್" ಪುಸ್ತಕವನ್ನು ಹೆಣೆಯುವವರು ಇವತ್ತಿಗೂ ಬಳಸುತ್ತಾರೆ.

ಅವರ ದೊಡ್ಡ ಕೊಡುಗೆ ಶೇಕಡಾ ಪದ್ಧತಿ. ಮೊದಲು ಒಂದು ಸಣ್ಣ ತುಂಡು ಹೆಣೆದು ಅಳೆಯಿರಿ. 10 ಸೆಂಟಿಮೀಟರಿಗೆ 20 ಕುಣಿಕೆ ಬಂತು ಅಂದುಕೊಳ್ಳಿ. ಸ್ವೆಟರಿನ ಎದೆಸುತ್ತು 100 ಸೆಂಟಿಮೀಟರ್ ಆದರೆ 200 ಕುಣಿಕೆ. ಅದೇ ನೂರು ಪ್ರತಿಶತ. ಇನ್ನು ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತೆ: ಮಣಿಕಟ್ಟಿನ ಹತ್ತಿರ ತೋಳಿಗೆ ಶೇಕಡಾ 20, ಅಂದರೆ 40 ಕುಣಿಕೆ. ತೋಳಿನ ಮೇಲ್ಭಾಗಕ್ಕೆ ಸುಮಾರು ಶೇಕಡಾ 33, ಅಂದರೆ 66. ಕುತ್ತಿಗೆಗೆ ಶೇಕಡಾ 40, ಅಂದರೆ 80. ದಾರ ದಪ್ಪವಿರಲಿ ತೆಳುವಿರಲಿ, ಹಾಕುವವರು ಮಗುವಿರಲಿ ಮಾವನಿರಲಿ, ಅನುಪಾತ ಹೆಚ್ಚುಕಡಿಮೆ ಅದೇ. ಒಂದು ಅಳತೆ ಸಿಕ್ಕರೆ ಇಡೀ ವಸ್ತು ಸಿಕ್ಕಿತು. ನಮ್ಮ ಆಫೀಸಿನಲ್ಲಿ ಇದಕ್ಕೆ "ಮಾಡೆಲ್" ಅನ್ನುತ್ತೇವೆ, ಚೆನ್ನಾಗಿ ಸಂಬಳವನ್ನೂ ಕೊಡುತ್ತೇವೆ.

ನಾನು ಇದನ್ನು ಅಮ್ಮನಿಗೆ ಉತ್ಸಾಹದಿಂದ ವಿವರಿಸಿದೆ. ಅವಳು ಕಡ್ಡಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅದನ್ನೇನು ಪುಸ್ತಕದಲ್ಲಿ ಬರೀಬೇಕಾ? ತೋಳಿನ ತುದಿಗೆ ಮೈಯ ಐದರಲ್ಲೊಂದು ಭಾಗ ಹಾಕ್ಬೇಕು ಅಂತ ಎಲ್ಲರಿಗೂ ಗೊತ್ತಿರತ್ತೆ ಮಾರಾಯ್ತಿ."

ಐದರಲ್ಲೊಂದು. ಶೇಕಡಾ ಇಪ್ಪತ್ತು.

ಸಂಕೇತ 93

ಈಗ ನನ್ನ ಕಸುಬಿನ ವಿಷಯಕ್ಕೆ ಬರ್ತೀನಿ, ಲೆಕ್ಕಕ್ಕೆ. ಇಂಗ್ಲೆಂಡಿನ ಜನಗಣತಿಯ ವರದಿಗಳಲ್ಲಿ ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಮನೆವಾರ್ತೆ ನೋಡುವ ಹೆಂಡತಿಯರಿಗೂ ಕಸುಬುಗಳ ಪಟ್ಟಿಯಲ್ಲಿ ಒಂದು ಜಾಗವಿತ್ತು. 1881ರ ಗಣತಿಯಲ್ಲಿ ಅವರನ್ನು "ಕಸುಬಿಲ್ಲದವರು" ಎಂಬ ವರ್ಗಕ್ಕೆ ಹಾಕಿದರು. ಅವರು ಮಾಡುತ್ತಿದ್ದ ಕೆಲಸ ಒಂದು ಗುಲಗಂಜಿಯಷ್ಟೂ ಬದಲಾಗಿರಲಿಲ್ಲ. ಕಾಲಮ್ಮು ಬದಲಾಯಿತು.

ಭಾರತದಲ್ಲಿ ಉದ್ಯೋಗ ಸಮೀಕ್ಷೆ ಮಾಡುವ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಪ್ರತಿಯೊಬ್ಬರಿಗೂ ಒಂದು ಚಟುವಟಿಕೆ ಸಂಕೇತ ಕೊಡುತ್ತಾರೆ. 92 ಎಂದರೆ ಮನೆಗೆಲಸ ಮಾತ್ರ ಮಾಡುವವರು. 93 ಎಂದರೆ ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತರುವುದು, ಮನೆಬಳಕೆಗೆ ಹೊಲಿಯುವುದು, ನೇಯುವುದು ಇತ್ಯಾದಿ ಮಾಡುವವರು. ಎರಡೂ ಸಂಕೇತದವರು ದುಡಿಯುವ ಜನರ ಲೆಕ್ಕದಿಂದ ಹೊರಗೆ. ಶೆಟ್ಲೆಂಡಿನಲ್ಲಿ ಬೆನ್ನಿಗೆ ಉರುವಲು ಹೊತ್ತು ಮನೆಯವರಿಗೆ ಕಾಲುಚೀಲ ಹೆಣೆದವಳು ನಮ್ಮ ಸಮೀಕ್ಷೆಯಲ್ಲಿ ಸಿಕ್ಕಿದ್ದರೆ ಅವಳಿಗೆ ಬೀಳುತ್ತಿದ್ದದ್ದು ಈ 93. ಅಮ್ಮ ದುಡ್ಡಿಗೂ ಹೆಣೆಯುತ್ತಿದ್ದಳಲ್ಲ, ಅವಳನ್ನು ದುಡಿಯುವವರ ಲೆಕ್ಕಕ್ಕೆ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಹಾಕಬಹುದಿತ್ತು. ಆದರೆ ಬಾಗಿಲಿಗೆ ಬಂದವರು "ಏನು ಕೆಲಸ ಮಾಡ್ತೀರಾ?" ಅಂತ ಕೇಳಿದರೆ ಅವಳ ಉತ್ತರ ಏನು ಅಂತ ನಿಮಗೀಗ ಗೊತ್ತು.

2019ರಲ್ಲಿ ಭಾರತ ಸರ್ಕಾರ ಬೇರೆ ಥರದ ಪ್ರಶ್ನೆ ಕೇಳಿತು. ಕೆಲಸ ಏನು ಅಂತಲ್ಲ, ಇಡೀ ದಿನ ಹೇಗೆ ಕಳೆದಿರಿ ಅಂತ. ಅದೇ ಕಾಲಬಳಕೆ ಸಮೀಕ್ಷೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದವರು ಹೆಂಗಸರಲ್ಲಿ ಶೇಕಡಾ 81, ಗಂಡಸರಲ್ಲಿ ಶೇಕಡಾ 26. ತೊಡಗಿದ್ದವರು ಅದಕ್ಕೆ ಕೊಟ್ಟ ಸಮಯ ದಿನಕ್ಕೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ. ಸುಮಾರು ಐದು ಗಂಟೆ ಎದುರಿಗೆ ಒಂದೂವರೆ ಗಂಟೆ. "ಏನಿಲ್ಲ" ಅನ್ನುವ ಉತ್ತರದ ಒಳಗೆ ಇಷ್ಟು ಹೊತ್ತು ಅಡಗಿ ಕೂತಿತ್ತು. ಪ್ರಶ್ನೆ ಬದಲಾದ ಮೇಲೆ ಹೊರಗೆ ಬಂತು.

ಆರು ಪೌಂಡಿನ ಕಂಪನಿ

ಹಾಗಾದರೆ ಚೂರುಚೂರು ಹೊತ್ತಿನಲ್ಲಿ ಮಾಡಿದ ಕೆಲಸಕ್ಕೆ ಯಾವತ್ತೂ ಚಹಾಪುಡಿಯೇ ಗತಿಯಾ? ಇಲ್ಲ ಅಂತ ತೋರಿಸಿದ ಒಬ್ಬರಿದ್ದಾರೆ. ಅದಕ್ಕೂ ಮುಂಚೆ ಆ ಕಾಲ ಹೇಗಿತ್ತು ಅಂತ ತಿಳಿದರೆ ಒಳ್ಳೆಯದು. ಬ್ರಿಟನ್ನಿನ ಸರ್ಕಾರಿ ಸೇವೆಯಲ್ಲಿ ಮದುವೆಯಾದ ಹೆಣ್ಣು ಕೆಲಸ ಬಿಡಬೇಕೆಂಬ ನಿಯಮ 1946ರವರೆಗೂ ಇತ್ತು. ಭಾರತದಲ್ಲಿ ಅದರ ನೆರಳು ಇನ್ನೂ ಉದ್ದ. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಸೇರುವಾಗಲೇ ಬರೆದುಕೊಡಬೇಕಾಗಿತ್ತು. ಬಡ್ತಿಯಲ್ಲೂ ತಮಗೆ ತಾರತಮ್ಯವಾಗಿದೆ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ ತೀರ್ಪು ಬರೆದರು. ನಿಯಮ ಹೋದಮೇಲೂ ರೂಢಿ ಸುಲಭಕ್ಕೆ ಹೋಗಲಿಲ್ಲ. ಕೂಸು ಹುಟ್ಟಿದರೆ ಕೆಲಸ ಮುಗಿಯಿತು ಅನ್ನುವುದು ಎಲ್ಲ ಕಡೆ ಸಹಜವಾಗಿತ್ತು.

ಸ್ಟೆಫನಿ ಶರ್ಲಿ 1933ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಹುಟ್ಟಿದವರು. 1939ರಲ್ಲಿ, ಐದು ವರ್ಷದ ಮಗುವಾಗಿದ್ದಾಗ, ನಾಜಿಗಳಿಂದ ಯಹೂದಿ ಮಕ್ಕಳನ್ನು ಪಾರುಮಾಡಿದ ರೈಲಿನಲ್ಲಿ ಇಂಗ್ಲೆಂಡಿಗೆ ಬಂದರು. ಬೆಳೆದು ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ ಕಲಿತರು. 1962ರಲ್ಲಿ ಆರು ಪೌಂಡ್ ಬಂಡವಾಳ ಹಾಕಿ ಮನೆಯಿಂದಲೇ ಫ್ರೀಲಾನ್ಸ್ ಪ್ರೋಗ್ರಾಮರ್ಸ್ ಎಂಬ ಕಂಪನಿ ಶುರು ಮಾಡಿದರು. ಹುಡುಕಿ ಕೆಲಸ ಕೊಟ್ಟದ್ದು ಮಕ್ಕಳಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದ ಪ್ರೋಗ್ರಾಮರ್ ಹೆಂಗಸರಿಗೆ. ಮೊದಲ 300 ಜನರಲ್ಲಿ 297 ಮಂದಿ ಹೆಂಗಸರು.

ಮನೆಯಲ್ಲಿ ಕಂಪ್ಯೂಟರ್ ಇರದ ಕಾಲ ಅದು. ಅವರಿಗೆ ಬೇಕಾಗಿದ್ದದ್ದು ಕಾಗದ, ಪೆನ್ಸಿಲು, ಒಂದು ಟೆಲಿಫೋನು. ಊಟದ ಮೇಜಿನ ಮೇಲೆ ಪ್ರೋಗ್ರಾಮ್ ಬರೆದು ಅಂಚೆಗೆ ಹಾಕುವುದು, ಬೇರೆಡೆ ಅದನ್ನು ಯಂತ್ರಕ್ಕೆ ಉಣಿಸುವುದು. ಬೆಲೆ ಗಂಟೆಗಲ್ಲ, ಮುಗಿಸಿಕೊಟ್ಟ ಕೆಲಸಕ್ಕೆ. ರಾತ್ರಿ ಹನ್ನೊಂದಕ್ಕೆ ಬರೆದಿರೋ, ಮಗು ಮಲಗಿದ ನಲವತ್ತು ನಿಮಿಷದಲ್ಲಿ ಬರೆದಿರೋ ಯಾರೂ ಕೇಳುವುದಿಲ್ಲ. ಗಿರಾಕಿಗಳ ಫೋನು ಬಂದಾಗ ಮನೆಯ ಸದ್ದು ಕೇಳಬಾರದೆಂದು ಶರ್ಲಿ ಟೈಪ್‌ರೈಟರ್ ಸದ್ದಿನ ಟೇಪು ಹಾಕುತ್ತಿದ್ದರಂತೆ. ಹೆಣ್ಣಿನ ಹೆಸರಿನ ಪತ್ರಗಳಿಗೆ ಉತ್ತರ ಬರದಿದ್ದಾಗ "ಸ್ಟೀವ್" ಎಂದು ಸಹಿ ಹಾಕತೊಡಗಿದರು. ಬಾಗಿಲುಗಳು ತೆರೆದವು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮಿಂಗ್ ಮಾಡಿದ್ದು ಇದೇ ಊಟದ ಮೇಜಿನ ತಂಡ.

1975ರಲ್ಲಿ ಲಿಂಗ ತಾರತಮ್ಯದ ವಿರುದ್ಧ ಕಾನೂನು ಬಂದಾಗ, ಹೆಂಗಸರಿಗೇ ಆದ್ಯತೆ ಎಂಬ ಕಂಪನಿಯ ನೀತಿಯೇ ಕಾನೂನುಬಾಹಿರವಾಯಿತು. ಗಂಡಸರಿಗೂ ಬಾಗಿಲು ತೆರೆಯಬೇಕಾಯಿತು. ಶರ್ಲಿಯವರ ಸ್ವಂತ ಬದುಕು ಸುಲಭದ್ದಾಗಿರಲಿಲ್ಲ. 1963ರಲ್ಲಿ ಹುಟ್ಟಿದ ಒಬ್ಬನೇ ಮಗ ಜೈಲ್ಸ್‌ಗೆ ತೀವ್ರ ಆಟಿಸಂ ಇತ್ತು, 35ನೇ ವಯಸ್ಸಿನಲ್ಲಿ ತೀರಿಕೊಂಡ. ಮುಂದಿನ ಬದುಕಿನಲ್ಲಿ ತಮ್ಮ ಸಂಪತ್ತಿನ ಬಹುಭಾಗವನ್ನು ಆಟಿಸಂ ಕೆಲಸಗಳಿಗೆ ಕೊಟ್ಟು 2025ರಲ್ಲಿ ಹೊರಟುಹೋದರು.

ಇದನ್ನು ಒಂದು ಸುಂದರ ಕಥೆ ಅಂತ ಮಾತ್ರ ಓದಬೇಡಿ. ಮುಗಿಸಿದ ಕೆಲಸಕ್ಕಷ್ಟೇ ದುಡ್ಡು ಅಂದರೆ, ಮಗುವಿಗೆ ಜ್ವರ ಬಂದ ವಾರ ದುಡ್ಡಿಲ್ಲ. ಮನೆಯಿಂದ ಕೆಲಸ ಅಂದರೆ ಮನೆಗೆಲಸವೂ ನಿನ್ನದೇ. ಶೆಟ್ಲೆಂಡಿನ ಹೆಂಗಸರೂ ಒಂದು ಅರ್ಥದಲ್ಲಿ ಮನೆಯಿಂದ ಕೆಲಸ ಮಾಡುವ ಫ್ರೀಲಾನ್ಸರುಗಳೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಬೆಲೆ ಕಟ್ಟುವವರು ಯಾರು ಅನ್ನುವುದರಲ್ಲಿ. ಅಲ್ಲಿ ಅಂಗಡಿಯವನು ಕಟ್ಟಿದ. ಇಲ್ಲಿ ಆ ಕೆಲಸ ಬಲ್ಲವಳೇ ಕಟ್ಟಿದಳು. ನಡುವೆ ಬಿಟ್ಟೆದ್ದ ಮಾತ್ರಕ್ಕೆ ಕೆಲಸದ ಬೆಲೆ ಇಳಿಯುವುದಿಲ್ಲ. ಇಳಿಸುವವರು ಬೇಕು.

ಮತ್ತೆ ಕೆಲಸಕ್ಕೆ

ನಾನು ಹತ್ತು ತಿಂಗಳ ನಂತರ ಕೆಲಸಕ್ಕೆ ಮರಳಿದೆ. ಮೊದಲ ವಾರದ ಒಂದು ಮಾತುಕತೆಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ "ಆ ಗ್ಯಾಪ್ ಆದಮೇಲೆ ಹೇಗನ್ನಿಸ್ತಿದೆ?" ಅಂತ ಕೇಳಿದರು. ಗ್ಯಾಪ್. ಖಾಲಿ ಜಾಗ. ಮನೆಗೆ ಬಂದಮೇಲೂ ಆ ಪದ ಕಿವಿಯಲ್ಲೇ ಇತ್ತು.

ಅಷ್ಟರಲ್ಲಿ ಅಮ್ಮನ ಆರು ತಿಂಗಳು ಮುಗಿದು ಅವಳು ಊರಿಗೆ ಹೋಗಿಯಾಗಿತ್ತು. ಮಗುವಿಗೆ ಅಂತ ಶುರು ಮಾಡಿದ್ದ ಸ್ವೆಟರು ಮುಗಿದಿರಲಿಲ್ಲ. ಕುತ್ತಿಗೆಯಿಂದ ಕೆಳಗೆ ಹೆಣೆಯುತ್ತಾ ಬರುವ ಬಗೆ ಅದು. ಭುಜ ದಾಟಿದ ಮೇಲೆ ತೋಳಿನ ಕುಣಿಕೆಗಳನ್ನು ಬೇರೆ ಬಣ್ಣದ ಒಂದು ತುಂಡು ದಾರಕ್ಕೆ ಪೋಣಿಸಿ ಬಿಟ್ಟು, ಮೊದಲು ಮೈಯ ಭಾಗ ಮುಗಿಸುತ್ತಾರೆ. ಅಮ್ಮ ಮೈ ಮುಗಿಸಿದ್ದಳು. ಎರಡೂ ತೋಳುಗಳು ಹಾಗೇ ಕೆಂಪು ದಾರದಲ್ಲಿ ಕಾಯುತ್ತಾ ಕೂತಿದ್ದವು. ನೋಡಿದವರಿಗೆ ಅಲ್ಲಿ ತೋಳಿಲ್ಲ, ತೂತು. ಹೆಣೆಯುವವರಿಗೆ ಗೊತ್ತು, ಅದು ತೂತಲ್ಲ, ಒಂದು ಕುಣಿಕೆಯೂ ಬಿಟ್ಟುಹೋಗಿಲ್ಲ.

ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿ, ಅಮ್ಮ ಹೇಳಿದ ಹಾಗೆ ಕೆಂಪು ದಾರದಿಂದ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿಕೊಂಡೆ. ಎಣಿಸಿದರೆ ಮೂವತ್ತೊಂಬತ್ತು. "ನಲವತ್ತಿರ್ಬೇಕು, ಮೂಲೇಲಿ ನೋಡು" ಅಂದಳು ಐದು ಸಾವಿರ ಮೈಲಿ ಆಚೆಯಿಂದ. ಮೂಲೆಯಲ್ಲಿತ್ತು. ಒಂದು ತೋಳು ಮುಗಿಸಲು ಮೂರು ವಾರ ಹಿಡಿಯಿತು, ಊಟದ ಮೊದಲು ಹತ್ತು ನಿಮಿಷ, ರೈಲಿನಲ್ಲಿ ಇಪ್ಪತ್ತು. ಎರಡನೆಯದು ಇನ್ನೂ ನಡೀತಿದೆ. ಮಗು ಬೆಳೆಯುವ ವೇಗ ನೋಡಿದರೆ ಸ್ವೆಟರು ಅವಳ ತಂಗಿಗೋ ತಮ್ಮನಿಗೋ ಆಗಬಹುದು. ಆಗ ಮತ್ತೆ ವೀಸಾ ಅರ್ಜಿ ಬರುತ್ತೆ.

ಅದಕ್ಕೆ ಈಗಲೇ ಒಂದು ತಯಾರಿ ಮಾಡ್ತಿದ್ದೀನಿ, ನೀವೂ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಅಮ್ಮನಿಗೋ ಅಜ್ಜಿಗೋ ಅತ್ತೆಗೋ ಫೋನ್ ಮಾಡಿದಾಗ "ಏನು ಕೆಲಸ ಮಾಡ್ತಿದ್ದೆ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ "ಏನಿಲ್ಲ" ಅಂತಲೇ ಬರುತ್ತೆ. "ಏನೇನು ಮಾಡಿದೆ, ಯಾರಿಗೆ ಮಾಡಿದೆ, ಎಷ್ಟಕ್ಕೆ ಕೊಟ್ಟೆ, ಆ ದುಡ್ಡು ಎಲ್ಲಿಗೆ ಹೋಯ್ತು?" ಅಂತ ಕೇಳಿ. ಇಸವಿ ಹಾಕಿ ಬರೆದಿಡಿ. ಅಮ್ಮನ ಪಟ್ಟಿಯಲ್ಲಿ ಇವತ್ತಿನವರೆಗೆ 112 ಸ್ವೆಟರು ಬಂದಿವೆ. ಅವಳಿಗೆ ಇನ್ನೂ ನೆನಪಾಗುತ್ತಲೇ ಇದೆ.